ಗಿರಾಕಿಯ ಅಗತ್ಯ ಬಲ್ಲವರು ಯಾರು?

ನಾಡಿನಲ್ಲಿ ಈಗ ಒಂದು ಹೊಸ ಉಪದೇಶದ ಹಾವಳಿ ನಡೆದಿದೆ. ವಾಣಿಜ್ಯ ಸಂಘಗಳ ವೇದಿಕೆಯ ಮೇಲೆ, ಬ್ಯಾಂಕುಗಳು ಏರ್ಪಡಿಸುವ ಶಿಬಿರಗಳಲ್ಲಿ, ಮ್ಯಾನೇಜ್‌ಮೆಂಟ್ ಕಾಲೇಜುಗಳ ಸಮಾರಂಭಗಳಲ್ಲಿ ಕೋಟು ತೊಟ್ಟ ಮಹನೀಯರು ಎದ್ದು ನಿಂತು ಸಣ್ಣ ವರ್ತಕರಿಗೆ ಬುದ್ಧಿ ಹೇಳುತ್ತಾರೆ. "ಗಿರಾಕಿಯೇ ದೊರೆ. ಗಿರಾಕಿಗೆ ಬೇಕಾದ್ದೇನೆಂದು ತಿಳಿಯಿರಿ. ತಿಳಿದು ಹೊಸದನ್ನು ತನ್ನಿ. ಇಲ್ಲವಾದರೆ ಮುಳುಗಿಹೋಗುತ್ತೀರಿ." ಕೇಳಿದವರು ಚಪ್ಪಾಳೆ ತಟ್ಟಿ, ಕೊಟ್ಟ ಕಾಫಿ ಕುಡಿದು, ಅಂಗಡಿಯ ಬಾಡಿಗೆ ಹೇಗೆ ಕಟ್ಟುವುದೆಂದು ಯೋಚಿಸುತ್ತ ಮನೆಗೆ ಹೋಗುತ್ತಾರೆ.

ಮಾತೇನೋ ಸುಳ್ಳಲ್ಲ. ಕೊಳ್ಳುವವನಿಗೆ ಬೇಕಾದ್ದನ್ನು ಅರಿಯದೆ ನಡೆಸಿದ ವ್ಯಾಪಾರ ಬಹಳ ಕಾಲ ಬಾಳಲಿಲ್ಲ, ಬಾಳುವುದೂ ಇಲ್ಲ. ನಮ್ಮ ಜಗಳ ಈ ಮಾತಿನ ಹಿಂದೆ ಅಡಗಿರುವ ಇನ್ನೊಂದು ಮಾತಿನ ಮೇಲೆ. ಅಗತ್ಯವನ್ನು ಅರಿಯುವ ವಿದ್ಯೆ ದೊಡ್ಡ ಕಂಪನಿಗಳ ಸ್ವಂತ ಆಸ್ತಿ; ಸಣ್ಣ ಅಂಗಡಿಯವನು ಹಳೆಯ ಕಾಲದ ದಡ್ಡ; ಕೂಲಿಕಾರನಿಗೆ ಕೈಗಳಿವೆಯೇ ಹೊರತು ತಲೆಯಿಲ್ಲ, ಎಂಬುದೇ ಆ ಮಾತು. ಇದನ್ನು ನಾವು ಒಪ್ಪಲಾರೆವು. ಕೊಳ್ಳುವವನ ಅಗತ್ಯವನ್ನು ಬಲ್ಲವರು ಆ ಅಗತ್ಯದ ಹತ್ತಿರ ಬದುಕುವವರು. ಹೊರೆಯ ಭಾರ ಹೊತ್ತವನಿಗೇ ಗೊತ್ತು. ವ್ಯಾಪಾರದ ಚರಿತ್ರೆಯನ್ನು ಬಿಚ್ಚಿ ನೋಡಿದರೆ ಇದಕ್ಕೆ ಸಾಕ್ಷಿ ಬೇಕಾದಷ್ಟಿದೆ.

ಮೊದಲು ಒಂದು ಗೊಂದಲವನ್ನು ಬಿಡಿಸಿಕೊಳ್ಳೋಣ. ಅಗತ್ಯ ಬೇರೆ, ಬೇಡಿಕೆ ಬೇರೆ. ಮಗುವಿಗೆ ಹಾಲು ಬೇಕು, ಇದು ಅಗತ್ಯ. ತಾಯಿಯ ಕೈಯಲ್ಲಿ ಹಾಲಿಗೆ ದುಡ್ಡಿದ್ದರೆ ಮಾತ್ರ ಅದು ಬೇಡಿಕೆ. ದೊಡ್ಡ ಬಂಡವಾಳ ಅಳೆಯುವುದು ಎರಡನೆಯದನ್ನು. ಹೆಸರಿಡುವುದು ಮಾತ್ರ ಮೊದಲನೆಯದರದು. "ಗಿರಾಕಿಯ ಅಗತ್ಯ ಸಮೀಕ್ಷೆ ಮಾಡಿದ್ದೇವೆ" ಎಂದು ಅವರು ಹೇಳಿದಾಗ "ಗಿರಾಕಿಯ ಜೇಬು ತಡಕಿ ನೋಡಿದ್ದೇವೆ" ಎಂದು ಅರ್ಥ ಮಾಡಿಕೊಳ್ಳಬೇಕು. ಜೇಬು ಬರಿದಾಗಿರುವವನು ಅವರ ಲೆಕ್ಕಕ್ಕೆ ಬರುವುದೇ ಇಲ್ಲ. ದೊರೆ ಎಂದರೆ ಇಂಥ ದೊರೆ. ಜೇಬು ತುಂಬಿರುವ ತನಕ ಸಿಂಹಾಸನ, ಬರಿದಾದ ಕೂಡಲೆ ಬಾಗಿಲ ಹೊರಗೆ!

ಈ ಪಂಡಿತರ ಬಾಯಲ್ಲಿ ಪದೇ ಪದೇ ಬರುವ ಒಂದು ಕಥೆಯಿದೆ. ಮೋಟಾರು ತಯಾರಿಸಿದ ಅಮೆರಿಕದ ಹೆನ್ರಿ ಫೋರ್ಡ್, "ಜನರನ್ನು ಕೇಳಿದ್ದರೆ ಇನ್ನೂ ಜೋರಾಗಿ ಓಡುವ ಕುದುರೆ ಬೇಕೆನ್ನುತ್ತಿದ್ದರು" ಎಂದನಂತೆ. ಎಂದರೆ ಜನಕ್ಕೆ ತಮಗೆ ಬೇಕಾದ್ದೇ ತಿಳಿಯದು, ಅದನ್ನು ತಿಳಿಸಿಕೊಡಲು ಮಹಾಪುರುಷ ಹುಟ್ಟಿ ಬರಬೇಕು! ಫೋರ್ಡ್ ಈ ಮಾತನ್ನು ಆಡಿದನೆಂಬುದಕ್ಕೆ ಅವನ ಕಾಲದ ಯಾವ ದಾಖಲೆಯೂ ಸಿಕ್ಕಿಲ್ಲ. ಅವನ ಸ್ವಂತ ಚರಿತ್ರೆಯೇ ಈ ಮಾತಿಗೆ ವಿರುದ್ಧವಾಗಿ ಸಾಕ್ಷಿ ನುಡಿಯುತ್ತದೆ. 1908ರಲ್ಲಿ ಅವನು ತಂದ ಟಿ ಮಾದರಿಯ ಕಾರು ಗೆದ್ದದ್ದು ಏಕೆ? ಅವನು ರೈತನ ಮಗ. ಹಳ್ಳಿಯ ದಾರಿಗಳ ಕೆಸರನ್ನು ಬಲ್ಲವನು. ಕಾರಿನ ಅಡಿಯನ್ನು ನೆಲದಿಂದ ಎತ್ತರದಲ್ಲಿರಿಸಿದ. ಕೆಟ್ಟರೆ ರೈತ ತಾನೇ ಬಿಚ್ಚಿ ರಿಪೇರಿ ಮಾಡಿಕೊಳ್ಳುವಂತೆ ಸರಳವಾಗಿ ಕಟ್ಟಿದ. ಅದರ ಹಿಂದಿನ ಚಕ್ರವನ್ನೆತ್ತಿ ಪಟ್ಟಿ ಹಾಕಿ ರೈತರು ತಮ್ಮ ಯಂತ್ರಗಳನ್ನೂ ಓಡಿಸಿಕೊಂಡರು. 850 ಡಾಲರಿಗೆ ಶುರುವಾದ ಬೆಲೆ 1920ರ ದಶಕದ ನಡುವಿಗೆ 300 ಡಾಲರಿಗಿಂತ ಕೆಳಕ್ಕಿಳಿಯಿತು. ಅಗತ್ಯದ ಹತ್ತಿರ ನಿಂತವನ ಗೆಲುವು ಇದು.

ಗೆದ್ದ ಮೇಲೆ ಕಿವಿ ಮುಚ್ಚಿತು. ರಸ್ತೆಗಳು ಸುಧಾರಿಸಿದವು, ಜನ ಮಳೆಗಾಳಿ ತಡೆಯುವ ಮುಚ್ಚಿದ ಗಾಡಿ ಕೇಳಿದರು, ಕಂತಿನ ಮೇಲೆ ಕೊಳ್ಳಲು ಬಯಸಿದರು. ಎದುರಾಳಿ ಕಂಪನಿ ಅದನ್ನು ಕೊಟ್ಟಿತು. ಫೋರ್ಡ್ ಹಿಂದೆ ಬಿದ್ದ. ಕೊನೆಗೆ 1927ರಲ್ಲಿ ಹಳೆಯ ಮಾದರಿಯನ್ನು ಕೈಬಿಟ್ಟು, ಹೊಸದು ಸಿದ್ಧವಾಗುವ ತನಕ ತಿಂಗಳುಗಟ್ಟಲೆ ಕಾರ್ಖಾನೆಯನ್ನು ನಿಲ್ಲಿಸಬೇಕಾಯಿತು. ತಪ್ಪು ಧಣಿಯದು; ಬೀದಿಗೆ ಬಿದ್ದವರು ಸಾವಿರಾರು ಕೂಲಿಕಾರರು. ಕಾರ್ಮಿಕ ಬಂಧುಗಳು ಈ ಸಂಗತಿಯನ್ನು ಮನಸ್ಸಿನಲ್ಲಿಡಬೇಕು. ಧಣಿ ಗಿರಾಕಿಯನ್ನು ಅರಿಯದೆ ಹೋದರೆ ದಂಡ ತೆರುವವನು ಕೂಲಿಕಾರ.

ಅದೇ ಕಂಪನಿ 1957ರಲ್ಲಿ ಎಡ್ಸೆಲ್ ಎಂಬ ಇನ್ನೊಂದು ಕಾರನ್ನು ಹೊರತಂದಿತು. ಆ ಹೊತ್ತಿಗೆ ಸಮೀಕ್ಷೆಯ ಶಾಸ್ತ್ರ ಬೆಳೆದು ನಿಂತಿತ್ತು. ಹೆಸರಿಗಾಗಿ ಜನರನ್ನು ಕೇಳಿದರು, ಸಾವಿರಾರು ಹೆಸರು ಪಟ್ಟಿ ಮಾಡಿದರು, ಕವಯಿತ್ರಿಯೊಬ್ಬರನ್ನೂ ವಿಚಾರಿಸಿದರು. ಎಲ್ಲ ಮುಗಿಸಿ ಕೊನೆಗೆ ಇಟ್ಟ ಹೆಸರು ಮಾತ್ರ ಹಳೆಯ ಧಣಿಯ ಮಗನದು! ಆ ಹೊತ್ತಿಗೆ ದೇಶದಲ್ಲಿ ವ್ಯಾಪಾರ ಕುಗ್ಗಿ, ಜನ ಚಿಕ್ಕ ಗಾಡಿಯತ್ತ ನೋಡುತ್ತಿದ್ದರು. ಎರಡೇ ವರ್ಷದಲ್ಲಿ, 1959ರ ನವೆಂಬರಿನಲ್ಲಿ, ಎಡ್ಸೆಲ್ ನಿಂತುಹೋಯಿತು. ನಷ್ಟ ಸುಮಾರು 25 ಕೋಟಿ ಡಾಲರ್ ಎಂದು ಹೇಳುತ್ತಾರೆ. ಕೇಳುವುದಕ್ಕೂ ಅರಿಯುವುದಕ್ಕೂ ಇರುವ ಅಂತರ ಇಲ್ಲಿ ಕಾಣುತ್ತದೆ. ತಾವು ಆಗಲೇ ತೀರ್ಮಾನಿಸಿದ್ದಕ್ಕೆ ಹೂಂಗುಟ್ಟಿಸಿಕೊಳ್ಳಲು ಕೇಳಿದರೆ ಅದು ಕೇಳುವುದೇ ಅಲ್ಲ.

ಪರದೇಶದ ಮಾತು ಸಾಕು. ನಮ್ಮ ದೇಶದ ಗಿರಣಿ ಊರಾದ ಅಹಮದಾಬಾದಿಗೆ ಬರೋಣ. 1969ರಲ್ಲಿ ಅಲ್ಲಿನ ಒಬ್ಬ ಸರ್ಕಾರಿ ನೌಕರ, ರಸಾಯನ ಬಲ್ಲ ಕರ್ಸನ್‌ಭಾಯ್ ಪಟೇಲ್, ಮನೆಯ ಹಿಂದೆ ಬಟ್ಟೆ ಒಗೆಯುವ ಪುಡಿ ಕಲಸಿ, ಸೈಕಲ್ಲಿನ ಮೇಲೆ ಹೇರಿಕೊಂಡು ಮನೆಮನೆಗೆ ಮಾರಿದರು. ಕಿಲೋಗೆ ಸುಮಾರು ಮೂರು ರೂಪಾಯಿ. ಹಿಂದೂಸ್ತಾನ್ ಲೀವರಿನ ಸರ್ಫ್ ಪುಡಿಗೆ ಆಗ ಅದರ ನಾಲ್ಕು ಪಟ್ಟಿನಷ್ಟು ಬೆಲೆ. ಮಗಳ ಹೆಸರಿನಿಂದ ಹುಟ್ಟಿದ ಆ ನಿರ್ಮಾ ಪುಡಿಯನ್ನು ದೊಡ್ಡವರು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಅವರ ಪುಸ್ತಕದ ಪ್ರಕಾರ ಬಡವರು ಪುಡಿ ಕೊಳ್ಳುವವರೇ ಅಲ್ಲ, ಸಾಬೂನಿನ ಬಾರು ಉಜ್ಜುವವರು. ಬಡ ಹೆಂಗಸಿಗೂ ಬಿಳಿ ಅಂಗಿ ಬಿಳಿಯಾಗಿಯೇ ಇರಬೇಕೆಂಬ ಆಸೆ ಉಂಟು, ಗಂಟೆಗಟ್ಟಲೆ ಕಲ್ಲಿಗೆ ಬಡಿದರೆ ಅವಳ ರಟ್ಟೆಯೂ ನೋಯುತ್ತದೆ ಎಂಬುದು ಆ ಪುಸ್ತಕದಲ್ಲಿ ಬರೆದಿರಲಿಲ್ಲ. ಬಾಗಿಲಲ್ಲಿ ಸೈಕಲ್ ನಿಲ್ಲಿಸಿದವನಿಗೆ ಅದು ಕಂಡಿತು. 1980ರ ದಶಕದ ನಡುವಿಗೆ ನಿರ್ಮಾ ಮಾರಾಟದ ತೂಕದಲ್ಲಿ ಸರ್ಫನ್ನು ಹಿಂದೆ ಹಾಕಿತು. ಆಗ ಲೀವರಿನವರು ಎಚ್ಚೆತ್ತು, ಅದೇ ಬಡವರಿಗಾಗಿ ವ್ಹೀಲ್ ಎಂಬ ಅಗ್ಗದ ಪುಡಿ ತಂದರು.

ಪಟೇಲರು ಮುಂದೆ ತಾವೇ ದೊಡ್ಡ ಧಣಿಯಾದರು. ಅವರ ಜಯಕಾರ ಕೂಗುವುದು ನಮ್ಮ ಕೆಲಸವಲ್ಲ. ನಾವು ಹೇಳುವುದಿಷ್ಟೆ: ಆ ಪುಡಿಯ ಹಿಂದೆ ಸಮೀಕ್ಷೆಯ ಕಟ್ಟಡವಿರಲಿಲ್ಲ, ಹವಾನಿಯಂತ್ರಿತ ಕೋಣೆಯಿರಲಿಲ್ಲ. ಸೈಕಲ್ಲಿತ್ತು, ಬಾಗಿಲು ತೆರೆದ ಹೆಂಗಸಿನ ಮಾತಿತ್ತು.

ಇನ್ನು ಪೊಟ್ಟಣದ ಕಥೆ. ತಮಿಳುನಾಡಿನ ಕಡಲೂರಿನಿಂದ ಹೊರಟ ಶಾಂಪೂ ಪೊಟ್ಟಣ ಕೆಲವೇ ವರ್ಷಗಳಲ್ಲಿ ದೇಶವನ್ನೆಲ್ಲ ಹಬ್ಬಿತು. ದೊಡ್ಡ ಕಂಪನಿಗಳೂ ಅದನ್ನೇ ಅನುಸರಿಸಿದವು. ಬಾಟಲಿ ತಿಂಗಳ ಸಂಬಳದವನ ಲೆಕ್ಕ; ಪೊಟ್ಟಣ ದಿನಗೂಲಿಯವನ ಲೆಕ್ಕ. ಇದನ್ನು ಮಹಾ ಸಂಶೋಧನೆಯೆಂದು ಕಾಲೇಜುಗಳಲ್ಲಿ ಪಾಠ ಮಾಡುತ್ತಾರೆ. ಮಾಡಲಿ. ಆದರೆ ನಮ್ಮ ಬೀದಿ ಕೊನೆಯ ಅಂಗಡಿಯವನು ಎಷ್ಟು ಕಾಲದಿಂದ ಈ ಕೆಲಸ ಮಾಡುತ್ತ ಬಂದಿಲ್ಲ? ನಾಲ್ಕಾಣೆ ಎಣ್ಣೆ, ಎರಡಾಣೆ ಸಕ್ಕರೆ, ಕಾಗದದ ಪೊಟ್ಟಣದಲ್ಲಿ ಚಹಾಪುಡಿ, ಬಿಡಿ ಬೀಡಿ, ಶನಿವಾರದ ಬಟವಾಡೆಯ ತನಕ ಉದ್ರಿ! ಸಾಯಂಕಾಲ ಕೂಲಿ ಕೈಗೆ ಬಂದ ಮೇಲೆ ಒಲೆ ಹಚ್ಚುವ ಮನೆಯ ಲೆಕ್ಕಕ್ಕೆ ತಕ್ಕಂತೆ ಸಾಮಾನು ಅಳೆದುಕೊಟ್ಟವನು ಅವನು. ಕಂಪನಿಯವರು ಅವನ ವಿದ್ಯೆಯನ್ನು ತೆಗೆದುಕೊಂಡು, ಪ್ಲಾಸ್ಟಿಕ್ಕಿನಲ್ಲಿ ಮುಚ್ಚಿ, ಮೇಲೆ ತಮ್ಮ ಮುದ್ರೆ ಹೊಡೆದರು. ಅಂಗಡಿಯವನ ಬುದ್ಧಿ ಕಂಪನಿಯ ಲಾಭವಾಯಿತು. ಪ್ಲಾಸ್ಟಿಕ್ ನಮ್ಮ ಚರಂಡಿಯ ಪಾಲಾಯಿತು.

ಈಗ ನಮ್ಮ ಗಿರಣಿಗಳ ಮಾತು. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಹೊಗಳಿದ ಕಾಲವಿತ್ತು. ಅಲ್ಲಿನ ಬಟ್ಟೆ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಬೆಂಗಳೂರಿನ ಬಿನ್ನಿ, ಕಲಬುರಗಿಯ ಎಂ.ಎಸ್.ಕೆ. ಗಿರಣಿಗಳ ಸಿಳ್ಳೂ ಅಡಗಿತು. ಮುಂಬಯಿಯಲ್ಲಿ 1982ರ ಜನವರಿ 18ರಂದು ಶುರುವಾದ ಮುಷ್ಕರದಲ್ಲಿ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಹೊರಬಂದರು. ಬಹಳ ಮಂದಿ ಮರಳಿ ಒಳಹೋಗಲೇ ಇಲ್ಲ. ಅಂದಿನಿಂದ ಧಣಿಗಳ ರಾಗ ಒಂದೇ: "ಕೂಲಿಕಾರರು ಗಿರಣಿಯನ್ನು ತಿಂದರು, ಯೂನಿಯನ್ ಗಿರಣಿಯನ್ನು ಕೊಂದಿತು." ಕುಣಿಯಲಾರದವಳು ನೆಲ ಡೊಂಕೆಂದಳಂತೆ!

ನಿಜಾಂಶ ಏನು? 1960ರ ದಶಕದಿಂದಲೇ ಜನರ ಮೈಮೇಲಿನ ಬಟ್ಟೆ ಬದಲಾಗುತ್ತಿತ್ತು. ಟೆರಿಲಿನ್, ಟೆರಿಕಾಟ್ ಬಂದವು. ಇದನ್ನು ಶೋಕಿಯೆಂದು ಕರೆದವರು ಬಟ್ಟೆ ಒಗೆಯದವರು. ಎರಡೇ ಜೊತೆ ಬಟ್ಟೆಯಿರುವವನಿಗೆ ರಾತ್ರಿ ಒಗೆದದ್ದು ಬೆಳಿಗ್ಗೆ ಒಣಗಿರಬೇಕು. ಇಸ್ತ್ರಿಗೆ ಕಾಸು ಬೇಕಾಗಬಾರದು. ಆರು ತಿಂಗಳಿಗೆ ಹರಿಯಬಾರದು. ಕೊಳ್ಳುವಾಗ ಎರಡು ರೂಪಾಯಿ ಹೆಚ್ಚಾದರೂ ಬಾಳಿಕೆಯಲ್ಲಿ ಅದು ಅಗ್ಗ ಎಂದು ಹಳ್ಳಿಯ ಹೆಂಗಸು ಲೆಕ್ಕ ಹಾಕಿದಳು. ಸರ್ಕಾರ ಮಾತ್ರ ಈ ನೂಲನ್ನು ಶ್ರೀಮಂತರ ವಿಲಾಸವೆಂದು ಬಗೆದು ಭಾರಿ ಸುಂಕ ಹೇರಿತು. ಬಡವರಿಗೆಂದು 1964ರಲ್ಲಿ ಕಂಟ್ರೋಲ್ ಬಟ್ಟೆಯ ಯೋಜನೆ ತಂದಿತು: ಪಂಚೆ, ಸೀರೆ, ಲಾಂಗ್‌ಕ್ಲಾತ್, ಶರ್ಟಿಂಗು, ಡ್ರಿಲ್, ಹೀಗೆ ಐದು ಬಗೆ. ಉದ್ದೇಶ ಒಳ್ಳೆಯದೇ. ಆದರೆ ಗಿರಣಿಯವರು ಅದನ್ನು ಶಿಕ್ಷೆಯೆಂಬಂತೆ ನೇಯ್ದರು. ಉಡುವವಳನ್ನು ಯಾರೂ ಕೇಳಲಿಲ್ಲ. ಬಡವನಿಗೆ ಒರಟು ಬಟ್ಟೆ ಸಾಕೆಂದು ಬಡವನಲ್ಲದವನು ತೀರ್ಮಾನಿಸಿದ್ದು ದೊಡ್ಡ ತಪ್ಪು.

ಧಣಿಗಳಾದರೂ ಕೇಳಿದರೇ? ಲಾಭ ಬಂದ ವರ್ಷಗಳಲ್ಲಿ ಅದನ್ನು ಬೇರೆ ದಂಧೆಗಳಿಗೆ ಸಾಗಿಸಿದವರು ಎಷ್ಟು ಮಂದಿ! ಮಗ್ಗಗಳು ಮುದಿಯಾದವು; ಗಿರಣಿಯ ನೆಲದ ಬೆಲೆ ಗಿರಣಿಯ ಬಟ್ಟೆಗಿಂತ ಹೆಚ್ಚಾಯಿತು. ಇತ್ತ ಸೂರತ್, ಭಿವಂಡಿ, ಇಚಲಕರಂಜಿಗಳ ವಿದ್ಯುತ್ ಮಗ್ಗದವರು ಜನ ಕೇಳಿದ ಬಣ್ಣ, ಜನ ಕೇಳಿದ ನೂಲು, ಜನ ಕೊಡಬಲ್ಲ ಬೆಲೆಗೆ ಬಟ್ಟೆ ನೇಯ್ದು ಪೇಟೆಯನ್ನು ತುಂಬಿದರು. ಸರ್ಕಾರ ಕಣ್ಣು ತೆರೆದು ಎಲ್ಲ ನೂಲನ್ನೂ ಸಮವಾಗಿ ಕಾಣುವ ಮಾತಾಡಿದ್ದು 1985ರ ಜವಳಿ ನೀತಿಯಲ್ಲಿ. ಆ ಹೊತ್ತಿಗೆ ಗಿರಣಿಗಳ ಅರ್ಧ ಉಸಿರು ಹೋಗಿತ್ತು. ನೇಯುವವನೂ ಬಟ್ಟೆ ಉಡುವವನೇ ಅಲ್ಲವೆ? ಖಾತೆಯಲ್ಲಿ ನಿಂತು ಹತ್ತು ಸಾವಿರ ಗಜ ನೇಯ್ದವನು ತನ್ನ ಹೆಂಡತಿಗೆ ಪೇಟೆಯಲ್ಲಿ ಯಾವ ಸೀರೆ ತಂದ? ಆ ಒಂದು ಪ್ರಶ್ನೆಯನ್ನು ಧಣಿ ಕೇಳಿದ್ದರೆ ಸಮೀಕ್ಷೆಯ ಖರ್ಚು ಉಳಿಯುತ್ತಿತ್ತು. ಕೇಳಲಿಲ್ಲ, ಏಕೆಂದರೆ ಅವನ ಕಣ್ಣಿಗೆ ಕೂಲಿಕಾರ ಒಂದು ಕೈ ಮಾತ್ರ.

ಇಲ್ಲಿ ಇನ್ನೊಂದು ಮಾತು. ವಿದ್ಯುತ್ ಮಗ್ಗಗಳು ಗಿರಾಕಿಯ ಅಗತ್ಯ ಅರಿತವು, ನಿಜ. ಆದರೆ ಆ ಅಗ್ಗದ ಬೆಲೆಯಲ್ಲಿ ಹನ್ನೆರಡು ಗಂಟೆ ಪಾಳಿಯ ದುಡಿಮೆಯೂ ಸೇರಿತ್ತು. ಒಂದು ಕೈಯಿಂದ ಕೂಲಿ ಕಡಿದು ಇನ್ನೊಂದು ಕೈಯಿಂದ ಅಗ್ಗದ ಸೀರೆ ಕೊಡುವುದನ್ನು ನಾವು ಹೊಸ ಶೋಧವೆಂದು ಕರೆಯುವುದಿಲ್ಲ. ಕೂಲಿಕಾರ ಕೊಳ್ಳುವವನೂ ಹೌದು. ಅವನ ಕೂಲಿ ಕುಗ್ಗಿದ ದಿನ ಅವನ ಬೀದಿಯ ಅಂಗಡಿಯ ವ್ಯಾಪಾರವೂ ಕುಗ್ಗುತ್ತದೆ. ಗಿರಣಿ ಮುಚ್ಚಿದ ಊರಿನಲ್ಲಿ ಮೊದಲು ಬಣಗುಡುವುದು ಗಿರಣಿ ಗೇಟಿನ ಎದುರಿನ ಚಹಾದಂಗಡಿ ಎಂಬುದನ್ನು ಸಣ್ಣ ವರ್ತಕರಿಗೆ ನಾವು ಹೇಳಿಕೊಡಬೇಕೆ?

ತೀರ ಇತ್ತೀಚಿನ ಒಂದು ಉದಾಹರಣೆ ನೋಡಿ. ಮಳೆಯಲ್ಲಿ ಒಂದೇ ಸ್ಕೂಟರಿನ ಮೇಲೆ ಗಂಡ, ಹೆಂಡತಿ, ಮಕ್ಕಳು ಹೋಗುವುದನ್ನು ಕಂಡು ರತನ್ ಟಾಟಾ ಮರುಗಿದರು. ಒಂದು ಲಕ್ಷ ರೂಪಾಯಿಯ ಕಾರಿನ ಯೋಚನೆ ಅಲ್ಲಿಂದ ಬಂತು ಎಂದು ಅವರೇ ಹೇಳಿದರು. ಮರುಕ ಸುಳ್ಳಲ್ಲ. 2008ರಲ್ಲಿ ನ್ಯಾನೋ ಕಾರನ್ನು ತೋರಿಸಿದರು, 2009ರಲ್ಲಿ ಮಾರಾಟಕ್ಕೆ ತಂದರು. ವರ್ಷಕ್ಕೆ ಎರಡೂವರೆ ಲಕ್ಷ ಕಾರು ಮಾಡಬಲ್ಲ ಕಾರ್ಖಾನೆ ಕಟ್ಟಿದರು. ಯಾವ ವರ್ಷವೂ ಮಾರಾಟ ಅದರ ಅರ್ಧವನ್ನೂ ಮುಟ್ಟಲಿಲ್ಲ. 2018ರಲ್ಲಿ ತಯಾರಿಕೆ ನಿಂತಿತು. ಅಗ್ಗದ ಕಾರು ಎಂದು ಸಾರಿದ್ದೇ ತಪ್ಪಾಯಿತೆಂದು ಆಮೇಲೆ ಅವರೇ ಒಪ್ಪಿಕೊಂಡರು. ಹೌದು. "ನಾನು ಎಲ್ಲರಿಗಿಂತ ಬಡವ" ಎಂಬ ಫಲಕ ಹೊತ್ತು ಬೀದಿಯಲ್ಲಿ ತಿರುಗಲು ಯಾರು ಸಾಲ ಮಾಡಿ ಹಣ ಕೊಡುತ್ತಾರೆ? ಬಡವನ ಅಗತ್ಯಗಳ ಪಟ್ಟಿಯಲ್ಲಿ ಮಾನವೂ ಒಂದು. ಅದು ದೂರದಿಂದ ನೋಡಿದವರಿಗೆ ಕಾಣುವುದಿಲ್ಲ. ಇನ್ನೂ ಒಂದು ಪ್ರಶ್ನೆ: ಆ ಕುಟುಂಬಕ್ಕೆ ಬೇಕಾಗಿದ್ದದ್ದು ಕಾರೇ, ಅಥವಾ ನೆನೆಯದೆ, ಬೀಳದೆ, ಹೊತ್ತಿಗೆ ಸರಿಯಾಗಿ ಮನೆ ಸೇರುವುದೇ? ಆ ರಸ್ತೆಯಲ್ಲಿ ಹತ್ತು ನಿಮಿಷಕ್ಕೊಂದು ಬಸ್ಸು ಬಂದಿದ್ದರೆ? ಕಾರು ಮಾಡುವವನಿಗೆ ಎಲ್ಲ ಅಗತ್ಯವೂ ಕಾರಾಗಿಯೇ ಕಾಣುತ್ತದೆ.

ಅಗತ್ಯ ಬಲ್ಲವರು ತಾವೇ ಅಂಗಡಿಗೆ ಇಳಿದರೆ ಏನಾಗುತ್ತದೆ? ಇಂಗ್ಲೆಂಡಿನ ರಾಚ್‌ಡೇಲ್ ಎಂಬ ಗಿರಣಿ ಊರಿನ ಚರಿತ್ರೆಯನ್ನು ನಮ್ಮ ವಾಚಕರೆಲ್ಲ ತಿಳಿಯಬೇಕು. 1840ರ ದಶಕದಲ್ಲಿ ಅಲ್ಲಿನ ನೇಕಾರರ ಕೂಲಿ ಹೋರಾಟ ಸೋತಿತ್ತು. ಪೇಟೆಯಲ್ಲಿ ಸಿಕ್ಕುತ್ತಿದ್ದ ಹಿಟ್ಟಿನಲ್ಲಿ ಸೀಮೆಸುಣ್ಣ, ಪಟಿಕ, ಚಹಾದಲ್ಲಿ ಒಮ್ಮೆ ಕುದಿಸಿ ಒಣಗಿಸಿದ ಎಲೆ, ತಕ್ಕಡಿಯಲ್ಲಿ ಮೋಸ, ಉದ್ರಿಯ ಉರುಳು. ನೇಕಾರರೂ ಇತರ ದುಡಿಮೆಗಾರರೂ ಸೇರಿ 28 ಜನ, ವಾರಕ್ಕೆ ಎರಡು ಮೂರು ಪೆನ್ಸ್ ಉಳಿಸಿ, ತಲೆಗೊಂದು ಪೌಂಡು ಕೂಡಿಸಿದರು. 1844ರ ಡಿಸೆಂಬರ್ 21ರಂದು ಟೋಡ್ ಲೇನ್ ಎಂಬ ಬೀದಿಯಲ್ಲಿ ಅಂಗಡಿ ತೆರೆದರು. ಸಾಮಾನು ಏನು? ಹಿಟ್ಟು, ಬೆಣ್ಣೆ, ಸಕ್ಕರೆ, ಓಟ್ಸ್ ಹಿಟ್ಟು, ಮೇಣದ ಬತ್ತಿ. ಅಷ್ಟೆ. ಗಿರಣಿ ಬಿಟ್ಟ ಮೇಲೆ ಜನ ಬರುವಂತೆ ಸಂಜೆಯ ಹೊತ್ತು ಬಾಗಿಲು ತೆರೆದರು. ಊರಿನ ವರ್ತಕರು ನಕ್ಕರು.

ಈ ಅಂಗಡಿಯಲ್ಲಿ ಹೊಸದೇನಿತ್ತು? ಕಲಬೆರಕೆಯಿಲ್ಲದ ಹಿಟ್ಟು, ಸರಿಯಾದ ತೂಕ, ನಗದು ವ್ಯಾಪಾರ, ಒಬ್ಬನಿಗೆ ಒಂದೇ ಮತ. ಎಲ್ಲಕ್ಕಿಂತ ಮಿಗಿಲಾಗಿ, ಲಾಭವನ್ನು ಹೂಡಿದ ಹಣದ ಮೇಲೆ ಹಂಚದೆ, ಯಾರು ಎಷ್ಟು ಕೊಂಡರೋ ಆ ಪ್ರಮಾಣದಲ್ಲಿ ಅವರಿಗೆ ಹಿಂದಿರುಗಿಸಿದರು. ಕೊಂಡವನೇ ಪಾಲುದಾರನಾದ. ಇಂದು ಅಂಗಡಿಗಳವರು ಗಿರಾಕಿಗೆ ಅಂಕ ಕೊಡುತ್ತೇವೆ, ಹಣ ಮರಳಿಸುತ್ತೇವೆ ಎಂದು ಡಂಗುರ ಹೊಡೆಯುತ್ತಾರಲ್ಲ, ಅದರ ಮೂಲ ಆ ನೇಕಾರರ ಅಂಗಡಿಯಲ್ಲಿ ಕಾಣುತ್ತದೆ; ಮತದ ಹಕ್ಕನ್ನು ಮಾತ್ರ ಇವರು ಜಾಣತನದಿಂದ ಬಿಟ್ಟರು. ಲೋಕದ ಸಹಕಾರಿ ಚಳವಳಿಗೆ ದಾರಿ ತೋರಿಸಿದ ಈ ಶೋಧ ಓಣಿಯೊಂದರ ಕೂಲಿಕಾರರದು. ಕಲಬೆರಕೆ ಹಿಟ್ಟಿನ ರೊಟ್ಟಿ ತಿಂದು ಹೊಟ್ಟೆ ಕೆಡಿಸಿಕೊಂಡವರಿಗೆ ಗಿರಾಕಿಯ ಅಗತ್ಯವನ್ನು ಬೇರೆ ಯಾರೂ ಕಲಿಸಬೇಕಾಗಲಿಲ್ಲ.

ನಮ್ಮಲ್ಲೂ ಇಂಥವು ಇವೆ. 1905ರಲ್ಲಿ ಗದಗದ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಸಾಹುಕಾರನ ಬಡ್ಡಿ ಏನೆಂದು ಬಲ್ಲ ರೈತರ ಕೆಲಸ ಅದು. ಕಾಫಿ ಮಂಡಳಿ ತನ್ನ ಕಾಫಿ ಹೌಸುಗಳನ್ನು ಮುಚ್ಚಿ ನೌಕರರನ್ನು ಹೊರಹಾಕಿದಾಗ, ಎ. ಕೆ. ಗೋಪಾಲನ್ ಅವರ ಪ್ರೇರಣೆಯಿಂದ ಆ ನೌಕರರೇ 1957ರಲ್ಲಿ ಬೆಂಗಳೂರಿನಲ್ಲಿ ಸಹಕಾರ ಸಂಘ ಕಟ್ಟಿ ಕಾಫಿ ಹೌಸು ನಡೆಸಿದರು. ಜನಕ್ಕೆ ಬೇಕಾದ್ದು ಕಡಿಮೆ ಬೆಲೆಯ ಒಂದು ಕಪ್ಪು ಕಾಫಿ, ಜೊತೆಗೆ ಎದ್ದು ಹೋಗೆಂದು ಯಾರೂ ಹೇಳದ ಒಂದು ಕುರ್ಚಿ ಎಂದು ತಟ್ಟೆ ಹೊತ್ತವರಿಗೆ ಗೊತ್ತಿತ್ತು. 1959ರಲ್ಲಿ ಮುಂಬಯಿಯ ಏಳು ಹೆಂಗಸರು 80 ರೂಪಾಯಿ ಸಾಲ ತಂದು ಮಾಳಿಗೆಯ ಮೇಲೆ ಹಪ್ಪಳ ಒತ್ತಿದರು, ಅದೇ ಲಿಜ್ಜತ್. ಇವರಾರೂ ಮ್ಯಾನೇಜ್‌ಮೆಂಟ್ ಶಾಸ್ತ್ರ ಓದಿದವರಲ್ಲ.

ಈಗ ಸಣ್ಣ ವರ್ತಕ ಮಿತ್ರರಿಗೆ ಒಂದು ಕಹಿ ಮಾತು ಹೇಳಬೇಕಾಗಿದೆ. ರಾಚ್‌ಡೇಲಿನ ನೇಕಾರರು ಅಂಗಡಿ ತೆರೆದದ್ದು ಯಾರ ಮೇಲಿನ ಸಿಟ್ಟಿನಿಂದ? ಗಿರಣಿಯ ಧಣಿಯ ಮೇಲಿನದು ಮಾತ್ರವಲ್ಲ. ತಮ್ಮ ಬೀದಿಯ ವರ್ತಕನ ಮೇಲಿನದೂ ಹೌದು. ಬೇಳೆಯಲ್ಲಿ ಕಲ್ಲು, ತೂಕದಲ್ಲಿ ಕಳ್ಳಬಟ್ಟು, ಉದ್ರಿ ಪುಸ್ತಕದಲ್ಲಿ ಒಂದಕ್ಕೆರಡು ಬರೆಯುವವನು ಗಿರಾಕಿ ಕೈಬಿಟ್ಟನೆಂದು ಅಳಬಾರದು. "ಬೇಕಾದರೆ ತಗೋ, ಇಲ್ಲವಾದರೆ ಬಿಡು" ಎಂದು ಮುಖ ತಿರುಗಿಸಿದವನು, ಆ ಗಿರಾಕಿ ಹವಾನಿಯಂತ್ರಿತ ಮಳಿಗೆಗೆ ಹೋದ ದಿನ ದೇಶಾಭಿಮಾನದ ಮಾತಾಡಿದರೆ ಯಾರು ಕೇಳುತ್ತಾರೆ? ಕೂಲಿಕಾರನ ಜೊತೆ ನಿಲ್ಲಬೇಕಾದ ವರ್ತಕ ಮೊದಲು ತನ್ನ ತಕ್ಕಡಿಯನ್ನು ನೆಟ್ಟಗೆ ಮಾಡಿಕೊಳ್ಳಲಿ.

ಇಷ್ಟು ಹೇಳಿದ ಮೇಲೆ, ಇಂದು ಅವನ ಕುತ್ತಿಗೆಗೆ ಬಂದಿರುವ ಕುಣಿಕೆಯನ್ನೂ ಹೇಳದಿದ್ದರೆ ಅನ್ಯಾಯ. 2007ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಫ್ಲಿಪ್‌ಕಾರ್ಟಿನಲ್ಲಿ 2018ರಲ್ಲಿ ಅಮೆರಿಕದ ವಾಲ್‌ಮಾರ್ಟ್ ಶೇಕಡ 77ರಷ್ಟು ಪಾಲನ್ನು 1600 ಕೋಟಿ ಡಾಲರಿಗೆ ಕೊಂಡಿತು. ಅಷ್ಟು ಹಣ ಕೊಟ್ಟದ್ದು ಗೋದಾಮಿನ ಗೋಡೆಗಳಿಗಲ್ಲ. ಕೋಟ್ಯಂತರ ಮನೆಗಳವರು ಯಾವ ದಿನ ಏನು ಕೊಂಡರು, ಯಾವುದನ್ನು ನೋಡಿ ಬಿಟ್ಟರು, ಎಷ್ಟು ಬೆಲೆಗೆ ಸೋತರು ಎಂಬ ಲೆಕ್ಕದ ಬೆಲೆಯೂ ಅದರಲ್ಲಿದೆ. ನಿಮ್ಮ ಗಲ್ಲಾಪೆಟ್ಟಿಗೆಯ ಹಿಂದೆ ತಲೆಮಾರುಗಳಿಂದ ಕೂಡಿಬಂದ ತಿಳಿವಳಿಕೆಯನ್ನು ಈಗ ಮೊಬೈಲು ಯಂತ್ರ ಹೀರಿಕೊಳ್ಳುತ್ತಿದೆ. ಹೂಡಿಕೆದಾರರ ಹಣದ ಬಲದಿಂದ ನಷ್ಟಕ್ಕೆ ಮಾರಿ ನಿಮ್ಮ ಗಿರಾಕಿಯನ್ನು ಸೆಳೆಯುತ್ತಾರೆ. ಕೆಲವೇ ನಿಮಿಷಗಳಲ್ಲಿ ಕೊತ್ತಂಬರಿ ಸೊಪ್ಪು ಬಾಗಿಲಿಗೆ ಬರಬೇಕೆಂಬುದು ಯಾವ ಮನೆಯ ಅಗತ್ಯವಾಗಿತ್ತು? ಅದನ್ನು ಹೊತ್ತು ಓಡುವ ಹುಡುಗನ ಪ್ರಾಣ ಮಾತ್ರ ಬೈಕಿನ ಚಕ್ರದಡಿ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಕರ್ನಾಟಕ ಸರ್ಕಾರ ಇಂಥ ದುಡಿಮೆಗಾರರ ಸಾಮಾಜಿಕ ಭದ್ರತೆಗಾಗಿ 2025ರಲ್ಲಿ ಕಾಯಿದೆ ಮಾಡಿದೆ. ಅದು ಕಾಗದದಿಂದ ರಸ್ತೆಗೆ ಇಳಿಯುವಂತೆ ನೋಡಿಕೊಳ್ಳುವುದು ಸಂಘಟಿತ ಕಾರ್ಮಿಕರ ಹೊಣೆ.

ಹಾಗಾದರೆ ಮಾಡಬೇಕಾದ್ದೇನು? ಕೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕಾಗಿ ಊರೆಲ್ಲ ಅಲೆಯಬೇಕಾಗಿಲ್ಲ. ಪ್ರತಿ ಅಂಗಡಿಯಲ್ಲೂ ಉದ್ರಿ ಪುಸ್ತಕದ ಪಕ್ಕದಲ್ಲಿ ಇನ್ನೊಂದು ಪುಸ್ತಕವಿರಲಿ. ಯಾರು ಏನು ಕೇಳಿ "ಇಲ್ಲ" ಎನ್ನಿಸಿಕೊಂಡು ಹೋದರು, ಯಾರು ಬೆಲೆ ಕೇಳಿ ಕೆಳಗಿಟ್ಟರು, ಯಾರು ನಾಲ್ಕು ದಿನದಿಂದ ಬಂದಿಲ್ಲ ಎಂಬುದನ್ನು ಅದರಲ್ಲಿ ಬರೆಯಿರಿ. ಕೊಂಡದ್ದರ ಲೆಕ್ಕ ಎಲ್ಲರ ಹತ್ತಿರವೂ ಇದೆ. ಬರಿಗೈಯಲ್ಲಿ ಹೋದವನ ಲೆಕ್ಕವನ್ನು ದೊಡ್ಡ ಮಳಿಗೆಯವನು ಇಡುವುದಿಲ್ಲ, ಅವನು ಅವರ ಬಾಗಿಲಿಗೇ ಹೋಗುವುದಿಲ್ಲ. ಒಂದು ತಿಂಗಳ ನಂತರ ಆ ಪುಸ್ತಕ ತೆರೆದು ನೋಡಿ. ಮುಂದೆ ಏನು ತರಬೇಕು, ಯಾವ ಅಳತೆಯಲ್ಲಿ ಕಟ್ಟಬೇಕು, ಎಷ್ಟು ಹೊತ್ತಿನ ತನಕ ಬಾಗಿಲು ತೆರೆದಿಡಬೇಕು ಎಂಬುದು ಅಲ್ಲೇ ಬರೆದಿರುತ್ತದೆ. ರಾತ್ರಿ ಪಾಳಿ ಬಿಡುವ ಹೊತ್ತಿಗೆ ಅಂಗಡಿ ಮುಚ್ಚಿರುವ ಬೀದಿಗಳೆಷ್ಟು! ಮುಂಜಾನೆ ಗಾರ್ಮೆಂಟಿಗೆ ಓಡುವ ಹೆಂಗಸಿಗೆ ಹೆಚ್ಚಿಟ್ಟ ತರಕಾರಿ, ರುಬ್ಬಿಟ್ಟ ಹಿಟ್ಟು ಸಿಕ್ಕುವ ಅಂಗಡಿಗಳೆಷ್ಟು?

ಎರಡನೆಯದು, ಒಬ್ಬೊಬ್ಬರಾಗಿ ಸಗಟು ವ್ಯಾಪಾರಿಯ ಮುಂದೆ ಕೈಚಾಚುವುದನ್ನು ಬಿಟ್ಟು ಹತ್ತಿಪ್ಪತ್ತು ಅಂಗಡಿಯವರು ಕೂಡಿ ಕೊಳ್ಳಬೇಕು. ಒಬ್ಬನ ಬಲ ಸಾಲದ ಕಡೆ ಇಪ್ಪತ್ತು ಜನರ ಬಲ ಸಾಲುತ್ತದೆ. ಇದಕ್ಕಾಗಿ ಕಟ್ಟಿದ ಸಹಕಾರ ಸಂಘಗಳು ಪುಢಾರಿಗಳ ಛತ್ರವಾದದ್ದುಂಟು. ಜನತಾ ಬಜಾರುಗಳಲ್ಲಿ ಅಧಿಕಾರಿಯ ಕುರ್ಚಿ ದೊಡ್ಡದಾಗಿ ಗಿರಾಕಿಯ ಜಾಗ ಚಿಕ್ಕದಾದದ್ದನ್ನೂ ಕಂಡಿದ್ದೇವೆ. ಸಹಕಾರ ಸೋತದ್ದು ಅಲ್ಲಿ ಕೊಳ್ಳುವವನ ಮಾತು ನಿಂತುಹೋದದ್ದರಿಂದ. ಪ್ರತಿ ತಿಂಗಳೂ ಕೊಳ್ಳುವವರ ಸಭೆ, ಗೋಡೆಯ ಮೇಲೆ ಲೆಕ್ಕ, ತಲೆಗೊಂದು ಮತ ಇಲ್ಲದ ಸಂಘವನ್ನು ಸಹಕಾರಿಯೆಂದು ಕರೆಯಬೇಡಿ.

ಮೂರನೆಯದು ಕಾರ್ಮಿಕ ಸಂಘಗಳಿಗೆ. ಕೂಲಿ, ಬೋನಸ್ಸುಗಳ ಮಾತಿನ ಜೊತೆಗೆ ಇನ್ನೊಂದು ಪ್ರಶ್ನೆಯನ್ನೂ ಮಾತುಕತೆಯ ಮೇಜಿನ ಮೇಲೆ ಇಡಬೇಕು: ನಾವು ಮಾಡುತ್ತಿರುವ ಸಾಮಾನು ಯಾರಿಗೆ? ಅದು ಅವರಿಗೆ ಒದಗುತ್ತಿದೆಯೇ? ಮುಂದಿನ ಐದು ವರ್ಷಕ್ಕೆ ಯಾವ ಯಂತ್ರ, ಯಾವ ಮಾಲು? ಬಟ್ಟೆ ಗಿರಣಿಗಳು ಮುಚ್ಚಿದಾಗ ಈ ಪ್ರಶ್ನೆ ಕೇಳುವ ಹಕ್ಕು ನಮಗಿರಲಿಲ್ಲ. ಮುಚ್ಚಿದ ಮೇಲೆ ತಪ್ಪು ಮಾತ್ರ ನಮ್ಮ ತಲೆಗೆ ಬಂತು. ಈಗಿರುವ ನೂಲಿನ ಗಿರಣಿ, ಅಕ್ಕಿ ಗಿರಣಿ, ಎಣ್ಣೆ ಗಿರಣಿ, ಗಾರ್ಮೆಂಟು ಕಾರ್ಖಾನೆಗಳಲ್ಲಿ ಅದೇ ಕಥೆ ಮತ್ತೆ ನಡೆಯಬಾರದು. ದಂಡ ತೆರುವವನಿಗೆ ಪ್ರಶ್ನೆ ಕೇಳುವ ಹಕ್ಕೂ ಇರಬೇಕು.

ಗಿರಾಕಿಯನ್ನು ದೊರೆಯೆಂದು ಕರೆಯುವವರು ಕರೆಯಲಿ. ನಮಗೆ ಅವನು ದೊರೆಯಲ್ಲ, ನೆರೆಯವನು. ಶನಿವಾರ ಸಂಜೆ ಬಟವಾಡೆಯ ಹಣ ಹಿಡಿದು ಅಂಗಡಿಯ ಮುಂದೆ ನಿಲ್ಲುವವನೂ ನಮ್ಮವನೇ, ಒಳಗೆ ತಕ್ಕಡಿ ಹಿಡಿದವನೂ ನಮ್ಮವನೇ. ಇವರಿಬ್ಬರೂ ಒಬ್ಬರ ಮಾತನ್ನೊಬ್ಬರು ಕೇಳಿಸಿಕೊಳ್ಳುವ ಕೆಲಸವನ್ನು ಬರುವ ಶನಿವಾರದಿಂದಲೇ ಶುರು ಮಾಡಲಿ.